ಬಿಗಿಯಾಗದ ಗಂಟು

ಇಲ್ಲಿಯೂ ಈಗ ಮಳೆಗಾಲ. ನಮ್ಮಲ್ಲಿಯ ಹಾಗೆ ಗುಡುಗಿಕೊಂಡು, ಹಂಚು ಹಾರಿಸಿಕೊಂಡು ಬರುವ ಮಳೆಯಲ್ಲ. ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ ಒಂದೇ ಸಮ ಸುರಿಯುವ, ಯಾರ ತಂಟೆಗೂ ಹೋಗದ ಮಳೆ. ನಾನು ಕೆಲಸ ಮಾಡುವ ವೃದ್ಧರ ಮನೆಯ ಕೆಳ ಅಂತಸ್ತಿನಲ್ಲಿ ಬಟ್ಟೆ ಒಣಗಿಸುವ ಕೋಣೆ ಇದೆ. ಮೊನ್ನೆ ಅಲ್ಲಿಯ ಯಂತ್ರ ಕೆಟ್ಟು, ಅರ್ಧ ಒಣಗಿದ ಹತ್ತಿಯ ಹಾಸುಗಳನ್ನು ಹಗ್ಗದ ಮೇಲೆ ಹರಡಬೇಕಾಯಿತು. ಮಾರನೆಯ ದಿನ ಬಾಗಿಲು ತೆರೆದವಳಿಗೆ ಆ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಗಂಜಿ ಹಾಕಿದ ಹಳೆಯ ನೂಲಿನ ಸೀರೆ ಮಳೆಗಾಲದಲ್ಲಿ ಸರಿಯಾಗಿ ಒಣಗದಿದ್ದರೆ ಬರುವ ವಾಸನೆ ಅದು, ನನ್ನ ದೊಡ್ಡಮ್ಮನ ಸೀರೆಯ ವಾಸನೆ. ಜಪಾನಿಗೆ ಬಂದು ಒಂದು ತಿಂಗಳಾಗಿತ್ತು, ಒಮ್ಮೆಯೂ ಅತ್ತಿರಲಿಲ್ಲ. ಅವತ್ತು ಹಾಸನ್ನು ಮುಖಕ್ಕೆ ಒತ್ತಿಕೊಂಡು ಸರಿಯಾಗಿ ಅತ್ತೆ.

ಹೋದ ವರ್ಷದ, ಅಂದರೆ ಎರಡು ಸಾವಿರದ ಹದಿನೆಂಟರ ಮಳೆಗಾಲವನ್ನು ನಾನು ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಕಳೆದೆ. ಕೆಳಗೆ ಚಪ್ಪಲಿ ಅಂಗಡಿ, ನಡುವೆ ದಂತವೈದ್ಯರು, ಮೇಲೆ ನಾವು ಹನ್ನೊಂದು ಮಂದಿ ನರ್ಸುಗಳು. ಜಪಾನಿನ ವೃದ್ಧರ ಮನೆಗಳಿಗೆ ಕೆಲಸಕ್ಕೆ ಹೋಗುವವರಿಗೆ ಅಲ್ಲಿಯ ಭಾಷೆ ಕಲಿಸುವ ತರಬೇತಿ ಕೇಂದ್ರ ಅದು. ಹತ್ತು ತಿಂಗಳು ಅಲ್ಲೇ ಊಟ, ಅಲ್ಲೇ ನಿದ್ರೆ. ಫೋನುಗಳೆಲ್ಲ ಮ್ಯಾನೇಜರರ ಮೇಜಿನ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿ. ಭಾನುವಾರ ಅರ್ಧ ಗಂಟೆ ಮಾತ್ರ ಕೈಗೆ ಸಿಗುತ್ತಿತ್ತು. ನರ್ಸಿಂಗಿನ ಅಸಲಿ ಸರ್ಟಿಫಿಕೇಟುಗಳು ಅವರ ಕಪಾಟಿನಲ್ಲಿ. ಸಂಜೆ ಆರಕ್ಕೆ ಮೆಟ್ಟಿಲ ಬುಡದ ಗ್ರಿಲ್ಲಿಗೆ ಬೀಗ. ‘ಹೆಣ್ಣುಮಕ್ಕಳ ಸೇಫ್ಟಿಗೆ’ ಎಂದು ಮ್ಯಾನೇಜರರು ಹೇಳುತ್ತಿದ್ದರು. ಇಪ್ಪತ್ತೊಂಬತ್ತು ವರ್ಷದ ನಾನೇ ಅಲ್ಲಿ ಎಲ್ಲರಿಗಿಂತ ದೊಡ್ಡ ಹೆಣ್ಣುಮಗಳು. ಕಿಟಕಿಯ ಸರಳಿಗೆ ಮುಖ ಕೊಟ್ಟು ನಿಂತರೆ ತಲಪಾಡಿಗೆ ಹೋಗುವ ಬಸ್ಸು ಕಾಣುತ್ತಿತ್ತು. ಹತ್ತಿ ಕೂತರೆ ಮುಕ್ಕಾಲು ಗಂಟೆಯಲ್ಲಿ ಉಪ್ಪಳ, ಅಲ್ಲಿಂದ ಹತ್ತು ನಿಮಿಷ ನಡೆದರೆ ನಮ್ಮ ಮನೆ. ದಿನಕ್ಕೆ ನಲವತ್ತು ಸಲ ಆ ಬಸ್ಸು ನನ್ನನ್ನು ಬಿಟ್ಟು ಹೋಗುತ್ತಿತ್ತು.

ಯಾರೂ ನನ್ನನ್ನು ಅಲ್ಲಿಗೆ ದೂಡಿರಲಿಲ್ಲ. ಆರು ವರ್ಷ ಆಸ್ಪತ್ರೆಯಲ್ಲಿ ದುಡಿದು, ಮನೆಗೆ ಬಂದರೆ ಮತ್ತೆ ಆಸ್ಪತ್ರೆಯೇ ಆಗಿದ್ದ ಆ ಮನೆಯಿಂದ ಒಮ್ಮೆ ಪಾರಾದರೆ ಸಾಕು ಅನ್ನಿಸಿತ್ತು. ಮನೆಯಲ್ಲಿ ಇದ್ದದ್ದು ನಾನು, ಅಮ್ಮ, ಅಮ್ಮನ ಅಕ್ಕ ವಾರಿಜ ದೊಡ್ಡಮ್ಮ. ದೊಡ್ಡಮ್ಮ ಮದುವೆಯಾಗಲಿಲ್ಲ. ರೈಲು ಹಳಿಯ ಆಚೆಗಿರುವ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಟೀಚರ್ ಆಗಿದ್ದರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದೂ ಅವರೇ, ತಪ್ಪು ಬರೆದರೆ ಕಿವಿ ಹಿಂಡಿದ್ದೂ ಅವರೇ. ನಾಲ್ಕೈದು ವರ್ಷಗಳಿಂದ ಅವರಿಗೆ ಮರೆವು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತರು, ಆಮೇಲೆ ದಾರಿ, ಆಮೇಲೆ ನಾವು.

ಆ ವರ್ಷ ಏಪ್ರಿಲಿನಲ್ಲಿ, ವಿಷು ಹಬ್ಬ ಕಳೆದ ವಾರ, ಅವರು ಬೆಳಿಗ್ಗೆ ಒಬ್ಬರೇ ಹೊರಟುಹೋದರು. ಹಳಿಯ ಪಕ್ಕದಲ್ಲಿ ಅಂಗಡಿ ಇಟ್ಟಿರುವ ಅಬ್ದುಲ್ಲಾಕ ಕೈ ಹಿಡಿದು ಕರೆತಂದರು. ಅವರೂ ದೊಡ್ಡಮ್ಮನ ಕೈಯಲ್ಲಿ ಅಆಇಈ ಕಲಿತವರೇ.

“ಟೀಚರ್ ಲೈನಿನ ನಡುವೆ ನಿಂತು ಹಾಜರಿ ಕರೀತಾ ಇದ್ರು,” ಎಂದರು. “ಗಾಡಿ ಹಾರ್ನ್ ಹಾಕಿದ್ರೂ ಗೊತ್ತಾಗಲಿಲ್ಲ. ನಾನು ಹಾಜರ್ ಟೀಚರ್ ಅಂತ ಹೇಳಿದ ಮೇಲೆ ನನ್ನೊಟ್ಟಿಗೆ ಬಂದ್ರು.”

ಅಮ್ಮನಿಗೆ ರೇಷನ್ನಿಗೆ ಹೋಗಬೇಕು, ಬೀಡಿ ಕಟ್ಟಿ ಕಂಪೆನಿಯ ಬ್ರಾಂಚಿಗೆ ಕೊಡಬೇಕು, ಸ್ನಾನ ಮಾಡಬೇಕು. ಬಾಗಿಲಿಗೆ ಚಿಲಕ ಹಾಕಿದರೆ ದೊಡ್ಡಮ್ಮ ಹಣೆಯನ್ನೇ ಬಾಗಿಲಿಗೆ ಚಚ್ಚಿಕೊಳ್ಳುತ್ತಿದ್ದರು. ಆಗ ನಾನು ದೊಡ್ಡವಳ ಹಾಗೆ ಮುಂದೆ ಬಂದೆ. ದೊಡ್ಡಮ್ಮನ ಹಳೆಯ ಗಂಜಿ ಸೀರೆಯೊಂದರ ಅಂಚನ್ನು ಉದ್ದಕ್ಕೆ ಹರಿದೆ. ಅವರ ಬಲಗಾಲಿನ ಹರಡಿಗೆ ಹತ್ತಿ ಸುತ್ತಿ, ಅದರ ಮೇಲೆ ಆ ಪಟ್ಟಿ ಕಟ್ಟಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಹಾಕಿದೆ. ಆಸ್ಪತ್ರೆಯಲ್ಲಿ ನನ್ನ ಗಂಟಿಗೆ ಹೆಸರಿತ್ತು. ರೋಗಿ ಎಷ್ಟು ಎಳೆದರೂ ಬಿಗಿಯಾಗುವುದಿಲ್ಲ, ಚರ್ಮಕ್ಕೆ ಗುರುತು ಬೀಳುವುದಿಲ್ಲ, ಬೇಕಾದಾಗ ನಾವು ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ತುರ್ತು ವಾರ್ಡಿನಲ್ಲಿ ಯಾರಾದರೂ ಸೂಜಿ ಕಿತ್ತುಕೊಂಡರೆ ‘ಸುಜಾತನ್ನ ಕರೀರಿ’ ಅನ್ನುತ್ತಿದ್ದರು.

“ಎರಡು ಬೆರಳು ಒಳಗೆ ಹೋಗ್ಬೇಕು ನೋಡಮ್ಮ, ಅಷ್ಟು ಸಡಿಲ ಇರ್ಬೇಕು,” ಎಂದು ಅಮ್ಮನಿಗೆ ಕಲಿಸಿದೆ. ನಾಲ್ಕು ಸಲ ಮಾಡಿಸಿ, ಐದನೆಯ ಸಲ ಸರಿಯಾದಾಗ ಬೆನ್ನು ತಟ್ಟಿದೆ. ನನಗೆ ಹೆಮ್ಮೆಯೇ ಆಗಿತ್ತು. ಮುಂದಿನ ತಿಂಗಳು ಬ್ಯಾಗು ಹಿಡಿದು ಕಾಸರಗೋಡಿಗೆ ಹೊರಟೆ.

ನಮಗೆ ಕಲಿಸುತ್ತಿದ್ದವರು ನಮ್ಮ ಜಿಲ್ಲೆಯದೇ ಹೊಸದುರ್ಗದ ಲೀಲಾ ಎಂಬವರು. ಗುರುಗಳಿಗೆ ಜಪಾನಿನಲ್ಲಿ ಹೇಳುವಂತೆ ಲೀಲಾ ಸೆನ್ಸೇ ಅನ್ನುತ್ತಿದ್ದೆವು. ಹದಿನೈದು ವರ್ಷ ಅಲ್ಲಿ ಮುದುಕರ ಆರೈಕೆ ಮಾಡಿ, ಸೊಂಟ ನೋವು ಹಿಡಿಸಿಕೊಂಡು ಊರಿಗೆ ಬಂದವರು. ಮೊದಲ ಪಾಠದ ದಿನ ಆ ದೇಶದ ಹೆಸರಿನ ಎರಡು ಅಕ್ಷರಗಳನ್ನು ಬೋರ್ಡಿನಲ್ಲಿ ಬರೆದು, ಅರ್ಥ ಯಾರಿಗೆ ಗೊತ್ತುಂಟು ಎಂದು ಕೇಳಿದರು. ನಾನು ತಟ್ಟನೆ ಕೈ ಎತ್ತಿ, ಸೂರ್ಯ ಹುಟ್ಟುವ ನಾಡು ಎಂದೆ. ‘ಉದಯಿಸುವ ಸೂರ್ಯನ ನಾಡು ಯಾವುದು?’ ಎಂದು ದೊಡ್ಡಮ್ಮ ಪ್ರತಿ ಶುಕ್ರವಾರ ಕ್ಲಾಸಿನಲ್ಲಿ ಕೇಳುತ್ತಿದ್ದರು. ಮರೆವು ಬಂದ ಮೇಲೂ ಅದನ್ನು ಕೇಳಿದರೆ ಅವರು ‘ಜಪಾನ್. ರಾಜಧಾನಿ ಟೋಕಿಯೊ. ಕೂತ್ಕೋ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

“ಸರಿ. ಆದ್ರೆ ಅದು ಯಾರ ಕಣ್ಣಿಗೆ?” ಎಂದರು ಸೆನ್ಸೇ. “ಅಲ್ಲೇ ಇರುವವರಿಗೆ ಸೂರ್ಯ ಇನ್ನೂ ಆಚೆ, ಸಮುದ್ರದಲ್ಲಿ ಹುಟ್ತಾನೆ. ಚೀನಾದಲ್ಲಿ ನಿಂತು ನೋಡಿದ್ರೆ ಮಾತ್ರ ಸೂರ್ಯ ಈ ದ್ವೀಪದಿಂದ ಬಂದ ಹಾಗೆ ಕಾಣ್ತದೆ.”

ಅದಕ್ಕೂ ಮೊದಲು ಚೀನಾದವರು ಇವರನ್ನು ‘ವಾ’ ಎಂದು ಕರೆಯುತ್ತಿದ್ದರಂತೆ. ಅದನ್ನು ಬರೆಯುತ್ತಿದ್ದ ಅಕ್ಷರಕ್ಕೆ ಬಾಗಿದವರು, ಕುಳ್ಳರು ಎಂಬ ಅರ್ಥ ಬರುತ್ತದೆಂದು ಕೆಲವರು ಹೇಳುತ್ತಾರೆ. ಇವರಿಗೆ ಅದು ಹಿಡಿಸಲಿಲ್ಲ. ಸುಮಾರು ಸಾವಿರದ ಮುನ್ನೂರು ವರ್ಷಗಳ ಹಿಂದೆ, ನಮ್ಮನ್ನು ಇನ್ನು ಮೇಲೆ ಹೀಗೆ ಕರೆಯಿರಿ ಎಂದು ಸೂರ್ಯನ ಮೂಲ ಅನ್ನುವ ಹೆಸರು ಇಟ್ಟುಕೊಂಡರು. ಆ ಎರಡು ಅಕ್ಷರಗಳನ್ನು ಅವರು ನಿಹೋನ್ ಎಂದೋ ನಿಪ್ಪೋನ್ ಎಂದೋ ಓದುತ್ತಾರೆ. ಅದೇ ಅಕ್ಷರಗಳ ಚೀನಾದ ಉಚ್ಚಾರ ವ್ಯಾಪಾರಿಗಳ, ನಾವಿಕರ ಬಾಯಲ್ಲಿ ಊರೂರು ತಿರುಗಿ ಜಪಾನ್ ಆಯಿತು.

“ಇದನ್ನೆಲ್ಲ ಎಂತಕ್ಕೆ ಹೇಳಿದ್ದು ಅಂದ್ರೆ,” ಎಂದು ಸೆನ್ಸೇ ಚಾಕ್‌ಪೀಸು ಕೆಳಗಿಟ್ಟರು, “ಅಲ್ಲಿ ಒಬ್ಬರನ್ನೂ ನೀವು ಅಜ್ಜಿ ಅಂತ, ಬೆಡ್ ನಂಬರ್ ಹನ್ನೆರಡು ಅಂತ ಕರೀಲಿಕ್ಕಿಲ್ಲ. ಅವರಿಗೆ ಯಾವ ಹೆಸರು ಬೇಕೋ ಅದನ್ನೇ ಕರೀಬೇಕು.” ಆರು ವರ್ಷ ನಾನು ಎಲ್ಲರನ್ನೂ ನಂಬರಿನಿಂದಲೇ ಕರೆದಿದ್ದೆ. ದೊಡ್ಡಮ್ಮನನ್ನು ಟೀಚರ್ ಎಂದು ಕರೆಯುವವರು ಈಗ ಅಬ್ದುಲ್ಲಾಕ ಒಬ್ಬರೇ ಎಂದು ಅವತ್ತು ಹೊಳೆಯಿತು.

ಜೂನಿನಲ್ಲಿ ಮಳೆ ಹಿಡಿಯಿತು. ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತಿತ್ತು, ತೆರೆದರೆ ಹಾಸಿಗೆ ಒದ್ದೆ. ಅಲ್ಲಿಯ ಆರೋಗ್ಯ ವ್ಯವಸ್ಥೆಯ ಪಾಠಗಳು ಶುರುವಾದವು. ಆ ದೇಶದಲ್ಲಿ ಪ್ರತಿಯೊಬ್ಬರಿಗೂ ಆರೋಗ್ಯ ವಿಮೆ ಇರಲೇಬೇಕು. ಕಾರ್ಡು ಹಿಡಿದು ಯಾವ ಆಸ್ಪತ್ರೆಗೆ ಬೇಕಾದರೂ ಹೋಗಬಹುದು, ಚಿಕಿತ್ಸೆಯ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ, ರೋಗಿ ಅದರಲ್ಲಿ ಒಂದು ಪಾಲು ಕೊಟ್ಟರೆ ಸಾಕು. ಇದಲ್ಲದೆ ಮುಪ್ಪಿನ ಆರೈಕೆಗೆಂದೇ ಬೇರೆ ವಿಮೆ. ನಲವತ್ತು ತುಂಬಿದವರೆಲ್ಲ ಅದಕ್ಕೆ ಕಟ್ಟುತ್ತಾರೆ. ವಯಸ್ಸಾಗಿ ಕೈಲಾಗದೆ ಹೋದರೆ ಊರಿನ ಕಚೇರಿಯಿಂದ ಮನೆಗೇ ಜನ ಬಂದು ಎಪ್ಪತ್ತಕ್ಕೂ ಹೆಚ್ಚು ಪ್ರಶ್ನೆ ಕೇಳುತ್ತಾರೆ. ಎದ್ದು ನಿಲ್ಲಲಿಕ್ಕೆ ಆಗುತ್ತದೆಯೇ, ಹೆಸರು ಹೇಳುತ್ತಾರೆಯೇ, ಈಗ ಯಾವ ಋತು ಎಂದು ಗೊತ್ತೇ, ಗುರಿಯಿಲ್ಲದೆ ಅಲೆಯುತ್ತಾರೆಯೇ. ಉತ್ತರಗಳನ್ನು ನೋಡಿ, ವೈದ್ಯರ ಅಭಿಪ್ರಾಯ ಪಡೆದು, ಎಷ್ಟು ಆರೈಕೆ ಬೇಕೆಂದು ದರ್ಜೆ ಕೊಡುತ್ತಾರೆ.

ಪರಿಚಯದ ಹಿರಿಯರೊಬ್ಬರ ಬಗ್ಗೆ ಆ ಪ್ರಶ್ನೆಗಳಿಗೆ ಉತ್ತರ ಬರೆದು ತರುವುದು ಹೋಮ್‌ವರ್ಕ್. ನಾನು ದೊಡ್ಡಮ್ಮನ ಬಗ್ಗೆ ಬರೆದೆ. ಓದಿ ನೋಡಿದ ಸೆನ್ಸೇ, ಅಲ್ಲಾದರೆ ಮೂರನೆಯ ದರ್ಜೆ ಸಿಗಬಹುದು, ಬೆಳಿಗ್ಗೆ ವ್ಯಾನ್ ಬಂದು ಡೇ ಸೆಂಟರಿಗೆ ಕರೆದುಕೊಂಡು ಹೋಗಿ ಸಂಜೆ ಬಿಡುತ್ತದೆ ಎಂದರು. ಭಾನುವಾರ ಫೋನಿನಲ್ಲಿ ಅದನ್ನು ಅಮ್ಮನಿಗೆ ಹೇಳಿದೆ.

“ಆ ವ್ಯಾನ್ ಉಪ್ಪಳಕ್ಕೆ ಬರ್ತದಾ?” ಎಂದು ಅಮ್ಮ ಕೇಳಿದಳು. ಕಾಯಿಲೆಯವರನ್ನು ಮನೆಮನೆಗೆ ಹೋಗಿ ನೋಡುವ ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ತಿಂಗಳಿಗೊಮ್ಮೆ ಬಂದು ಬಿಪಿ ನೋಡಿ, ಎರಡು ಒಳ್ಳೆಯ ಮಾತಾಡಿ ಹೋಗುತ್ತಿದ್ದರು. ಅವರನ್ನು ದೂರುವ ಹಾಗಿಲ್ಲ, ಅವರಿಗೂ ಒಂದು ಪಂಚಾಯತಿಗಾಗುವಷ್ಟು ದೊಡ್ಡಮ್ಮಂದಿರಿದ್ದರು. ತಿಂಗಳ ಉಳಿದ ದಿನಗಳೆಲ್ಲ ಅಮ್ಮನವು.

ಜುಲೈಯ ಒಂದು ದಿನ ಸೆನ್ಸೇ ಬೋರ್ಡಿನಲ್ಲಿ ಕಟ್ಟುವುದು ಎಂಬ ಅರ್ಥದ ಪದ ಬರೆದರು. ಆರೈಕೆಯ ಮನೆಗಳಲ್ಲಿ ಮುದುಕರನ್ನು ಕಟ್ಟುವುದಕ್ಕೆ ಅಲ್ಲಿ ನಿಷೇಧವಿದೆ. ಕೈಕಾಲು ಕಟ್ಟುವುದು ಮಾತ್ರವಲ್ಲ, ಮಂಚದ ನಾಲ್ಕೂ ಕಡೆ ಅಡ್ಡಪಟ್ಟಿ ಹಾಕುವುದು, ಕೋಣೆಗೆ ಬೀಗ ಹಾಕುವುದು, ಸುಮ್ಮನಿರಲಿ ಎಂದು ಹೆಚ್ಚು ಮಾತ್ರೆ ಕೊಡುವುದು ಎಲ್ಲ ಅದರಲ್ಲಿ ಸೇರುತ್ತದೆ. ತೀರಾ ಅನಿವಾರ್ಯವಾದರೆ ಮೂರು ಷರತ್ತು: ಜೀವಕ್ಕೆ ಅಪಾಯವಿರಬೇಕು, ಬೇರೆ ದಾರಿ ಇರಬಾರದು, ಸ್ವಲ್ಪ ಹೊತ್ತಿಗೆ ಮಾತ್ರ ಆಗಿರಬೇಕು. ಯಾಕೆ, ಎಷ್ಟು ಹೊತ್ತು ಎಂದು ಬರೆದಿಡಬೇಕು.

“ಅಲ್ಲಿಯೂ ಕಟ್ಟುವವರು ಇದ್ದಾರೆ, ಸುಳ್ಳು ಹೇಳುವುದಿಲ್ಲ,” ಎಂದರು. “ಆದ್ರೆ ಕಟ್ಟಿದವರಿಗೆ ಬರೀಲಿಕ್ಕೆ ಕೈ ನಡುಗ್ತದೆ.”

ಮೂರನ್ನೂ ದೊಡ್ಡಮ್ಮನಿಗೆ ಹೊಂದಿಸಿ ನೋಡಿದೆ. ಅಪಾಯ ಇತ್ತು. ಬೇರೆ ದಾರಿ ಇರಲಿಲ್ಲ. ಸ್ವಲ್ಪ ಹೊತ್ತು ಎಂಬಲ್ಲಿಗೆ ಬಂದಾಗ ಪುಸ್ತಕ ಮುಚ್ಚಿದೆ.

ಮರುದಿನ ಪ್ರಾಯೋಗಿಕ ಪಾಠ. ಪ್ರತಿಯೊಬ್ಬರೂ ಎರಡು ಗಂಟೆ ಕಟ್ಟಿಸಿಕೊಂಡು ಮಲಗಬೇಕು. ಎಲ್ಲರನ್ನೂ ಕಟ್ಟಿದ್ದು ನಾನೇ, ಗಂಟು ಚೆನ್ನಾಗಿದೆ ಎಂದು ಹೊಗಳಿಸಿಕೊಂಡೆ ಕೂಡ. ಕೊನೆಗೆ ನನ್ನ ಸರದಿ ಬಂದಾಗ ಸೆನ್ಸೇ ನನ್ನದೇ ಗಂಟು ಹಾಕಿದರು. ಮೊದಲ ಹತ್ತು ನಿಮಿಷ ನಗು ಬಂತು. ಆಮೇಲೆ ಮೂಗು ತುರಿಸಿತು. ಆಮೇಲೆ ಬಾತ್‌ರೂಮಿಗೆ ಹೋಗಬೇಕೆನ್ನಿಸಿ ಕರೆದೆ. “ಈಗ ಬರ್ತೇವೆ,” ಎಂದರು ಯಾರೋ. ನಾನೂ ಆಸ್ಪತ್ರೆಯಲ್ಲಿ ಹಾಗೇ ಹೇಳುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಊಟದ ತಟ್ಟೆಗಳ ಸದ್ದು, ಕೆಳಗೆ ತಲಪಾಡಿ ಬಸ್ಸಿನ ಕಂಡಕ್ಟರನ ಕೂಗು. ಗಂಟು ಎಲ್ಲಿಯೂ ನೋಯಿಸುತ್ತಿರಲಿಲ್ಲ. ನೋಯಿಸಿದ್ದರೆ ಯಾರನ್ನಾದರೂ ದೂರಬಹುದಿತ್ತು. ಒಂದು ಗಂಟೆಯ ನಂತರ ಕರೆಯುವುದನ್ನೇ ಬಿಟ್ಟೆ. ಬಿಚ್ಚಿದ ಮೇಲೂ ತುಸು ಹೊತ್ತು ಏಳಬೇಕೆಂದು ಅನ್ನಿಸಲಿಲ್ಲ.

ಆ ಭಾನುವಾರ ಅಮ್ಮನಿಗೆ ಹೇಳಿದೆ, “ದೊಡ್ಡಮ್ಮನನ್ನು ಇನ್ನು ಕಟ್ಬೇಡ.”

ಅಮ್ಮ ಮೆಲ್ಲಗೆ ಹೇಳಿದಳು, “ಕಟ್ಲಿಕ್ಕೆ ಕಲಿಸಿದ್ದು ನೀನೇ ಅಲ್ವಾ ಸುಜಾ? ಬಿಚ್ಚಿದ್ರೆ ನೋಡ್ಲಿಕ್ಕೆ ಯಾರುಂಟು? ನೀನು ಯಾರ್ಯಾರದೋ ಅಕ್ಕತಂಗಿಯರನ್ನು ನೋಡ್ಲಿಕ್ಕೆ ಹೋಗ್ತೀ. ನನ್ನ ಅಕ್ಕನಿಗೆ ನಾನೊಬ್ಬಳೇ.” ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಅರ್ಧ ಗಂಟೆ ಮುಗಿದು ಫೋನು ಡಬ್ಬಿಗೆ ಹೋಯಿತು.

ಅವತ್ತಿನಿಂದ ನನಗೆ ನಿದ್ರೆ ಸರಿ ಬರಲಿಲ್ಲ. ಎಲ್ಲ ಬಿಟ್ಟು ಮನೆಗೆ ಹೋಗೋಣ ಅನ್ನಿಸುತ್ತಿತ್ತು. ಹೋದರೆ ಮತ್ತೆ ಆ ವಾರ್ಡು, ಮತ್ತೆ ಆ ಮನೆ, ಸಾಯುವವರೆಗೆ. ಅದನ್ನು ನೆನೆದರೆ ಗ್ರಿಲ್ಲಿನ ಒಳಗೇ ಹಿತವೆನ್ನಿಸುತ್ತಿತ್ತು, ಹಿತವೆನ್ನಿಸಿತಲ್ಲ ಎಂದು ಮತ್ತೆ ಹೇಸಿಗೆಯಾಗುತ್ತಿತ್ತು.

ಓಣಂಗೆ ನಾಲ್ಕು ದಿನ ರಜೆ ಕೊಟ್ಟರು. ತೆಂಕಣ ಜಿಲ್ಲೆಗಳಲ್ಲಿ ನೆರೆ ಬಂದು ಆ ವರ್ಷ ಎಲ್ಲಿಯೂ ಹಬ್ಬದ ಗೌಜಿ ಇರಲಿಲ್ಲ. ಬಸ್ಸಿಳಿದವಳು ಓಡಿಕೊಂಡೇ ಮನೆಗೆ ಹೋದೆ. ದೊಡ್ಡಮ್ಮ ಮಂಚದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ತುದಿ ಎಳೆದು ಗಂಟು ಬಿಚ್ಚಿದೆ. ಕಾಲಿನಲ್ಲಿ ಒಂದು ಗುರುತೂ ಇರಲಿಲ್ಲ. ಅಮ್ಮ ಅಷ್ಟು ಚೆನ್ನಾಗಿ ಕಲಿತಿದ್ದಳು.

“ಟೀಚರ್, ಶಾಲೆಗೆ ಹೊತ್ತಾಯ್ತು,” ಎಂದೆ.

ಅವರು ನನ್ನನ್ನು ಗುರುತು ಹಿಡಿಯಲಿಲ್ಲ. ಆದರೆ ಎದ್ದರು, ಸೆರಗು ಸರಿಮಾಡಿಕೊಂಡರು, ಕೊಡೆ ಕೇಳಿದರು. ನಾಲ್ಕು ದಿನವೂ ಬೆಳಿಗ್ಗೆ ನಾವು ಹಳಿ ದಾಟಿ ಶಾಲೆಗೆ ಹೋದೆವು. ಹಳಿಯ ಹತ್ತಿರ ಅಬ್ದುಲ್ಲಾಕ ಅಂಗಡಿಯಿಂದ ಇಳಿದು, ಎರಡೂ ಕಡೆ ನೋಡಿ, “ಬನ್ನಿ ಟೀಚರ್,” ಎಂದು ದಾಟಿಸುತ್ತಿದ್ದರು. ರಜೆಯಾದ್ದರಿಂದ ಶಾಲೆಯ ಗೇಟಿಗೆ ಬೀಗ ಇತ್ತು. ದೊಡ್ಡಮ್ಮ ಗೇಟು ಹಿಡಿದು ಎರಡು ಸಲ ಅಲುಗಿಸಿ, ಅಲ್ಲಿಯೇ ನಿಂತು ಹಾಜರಿ ಕರೆಯುತ್ತಿದ್ದರು. ಯಾವ ಕಾಲದ ಮಕ್ಕಳ ಹೆಸರುಗಳೋ, ಎಲ್ಲವಕ್ಕೂ ನಾನೇ ಹಾಜರ್ ಟೀಚರ್ ಅನ್ನುತ್ತಿದ್ದೆ. ಮೂರನೆಯ ದಿನ ಆ ಪಟ್ಟಿಯಲ್ಲಿ ಸುಜಾತ ಎಂದೂ ಬಂತು. ಅದಕ್ಕೆ ಮಾತ್ರ ನಾನು ಹಾಜರ್ ಎನ್ನಲಿಲ್ಲ. ಅವರು ಹಾಜರಿ ಪುಸ್ತಕದಲ್ಲಿ ನನಗೆ ಗೈರುಹಾಜರಿ ಹಾಕುವವರಂತೆ ಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆದು ಮುಂದಿನ ಹೆಸರಿಗೆ ಹೋದರು.

ನಡೆದು ಬಂದ ದಿನ ದೊಡ್ಡಮ್ಮ ಗಂಜಿ ಉಂಡು ಗಡದ್ದಾಗಿ ನಿದ್ರಿಸುತ್ತಿದ್ದರು. ಅಮ್ಮನೂ ಹಗಲು ಮಲಗಿದಳು. ಅಮ್ಮ ಹಗಲು ಮಲಗಿದ್ದನ್ನು ನಾನು ನೋಡಿದ್ದೇ ಆವಾಗ.

ಹೊರಡುವ ದಿನ ಬೆಳಿಗ್ಗೆ ಎದ್ದರೆ ಅಮ್ಮನಿಗೆ ಮೈಸುಡುವ ಜ್ವರ. ಎದ್ದು ಕೂರಲೂ ತ್ರಾಣವಿಲ್ಲ. ಮಾರನೆಯ ದಿನ ನನಗೆ ಇಂಟರ್‌ವ್ಯೂ ಇತ್ತು. ಜಪಾನಿನಿಂದ ವೀಡಿಯೊದಲ್ಲಿ ಮಾತಾಡುತ್ತಾರೆ, ಹಿಂದಿನ ದಿನ ಬೆಳಿಗ್ಗೆ ಒಂಬತ್ತಕ್ಕೇ ಗ್ರಿಲ್ಲಿನ ಒಳಗಿರದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಎಂದು ಮ್ಯಾನೇಜರರು ಮೊದಲೇ ಎಚ್ಚರಿಸಿದ್ದರು. ಏಳೂವರೆಯ ಬಸ್ಸು ಹಿಡಿಯಬೇಕು.

“ಎರಡು ದಿನ ನಿಲ್ಲಲಿಕ್ಕೆ ಆಗುವುದಿಲ್ವಾ?” ಎಂದು ಅಮ್ಮ ಒಂದೇ ಸಲ ಕೇಳಿದಳು. ನಾನು ಅವಳಿಗೆ ಪ್ಯಾರಾಸಿಟಮಾಲ್ ನುಂಗಿಸಿದೆ, ಮಧ್ಯಾಹ್ನ ಒಮ್ಮೆ ಬಂದು ನೋಡಿ ಎಂದು ಅಬ್ದುಲ್ಲಾಕನ ಮನೆಯವರಿಗೆ ಹೇಳಿ ಬಂದೆ. ಬ್ಯಾಗು ಬಾಗಿಲಲ್ಲಿಟ್ಟೆ. ಆಮೇಲೆ ಬಟ್ಟೆ ಹರಡುವ ಅಡ್ಡೆಯ ಮೇಲೆ ಒಣಗಲು ಹಾಕಿದ್ದ ಆ ಸೀರೆಯ ಪಟ್ಟಿಯನ್ನು ತೆಗೆದುಕೊಂಡೆ. ಮಳೆಗೆ ಅದು ಅರ್ಧವೇ ಒಣಗಿತ್ತು, ಗಂಜಿಯ ವಾಸನೆ ಬರುತ್ತಿತ್ತು. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕಳ್ಳಿಯ ಹಾಗೆ ಕೋಣೆಗೆ ಹೋದೆ.

ದೊಡ್ಡಮ್ಮ ಶಾಲೆಗೆ ಸಿದ್ಧರಾಗಿ ಕೊಡೆ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿದರು. ಬೆನ್ನ ಹಿಂದಿನ ಕೈ ನೋಡಿದರು. ಕೊಡೆಯನ್ನು ಗೋಡೆಗೆ ಒರಗಿಸಿ ಮಂಚದ ಮೇಲೆ ಕೂತರು. ಸೀರೆಯ ನೆರಿಗೆಯನ್ನು ಸ್ವಲ್ಪ ಮೇಲೆತ್ತಿ, ಬಲಗಾಲನ್ನು ತಾವೇ ಮುಂದೆ ಚಾಚಿದರು.

“ಕಟ್ಟು ಸುಜಾ,” ಎಂದರು. “ನಿನಗೆ ಬಸ್ಸಿಗೆ ಹೊತ್ತಾಯ್ತು.”

ಒಂದು ವರ್ಷದಿಂದ ಅವರು ನನ್ನನ್ನು ಗುರುತು ಹಿಡಿದು ಹೆಸರು ಕರೆದಿರಲಿಲ್ಲ. ನಾನು ನೆಲದ ಮೇಲೆ ಕೂತು ಹತ್ತಿ ಸುತ್ತಿದೆ, ಗಂಟು ಹಾಕಿದೆ, ಎರಡು ಬೆರಳು ತೂರಿಸಿ ನೋಡಿದೆ. ಏಳೂವರೆಯ ಬಸ್ಸು ಸಿಕ್ಕಿತು.

ಮಾರನೆಯ ದಿನ ಪರದೆಯ ಮೇಲೆ ಮೂವರು ಕಾಣಿಸಿಕೊಂಡರು. ಅವರಲ್ಲಿ ಒಬ್ಬ ವಯಸ್ಸಾದ ಹೆಂಗಸು, ನಿಮ್ಮ ಮನೆಯಲ್ಲಿ ಹಿರಿಯರಿದ್ದಾರೆಯೇ, ಅವರನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ನನ್ನ ದೊಡ್ಡಮ್ಮ ಟೀಚರ್ ಆಗಿದ್ದರು, ದಿನಾ ಬೆಳಿಗ್ಗೆ ಅವರ ಕೈ ಹಿಡಿದು ಶಾಲೆಯವರೆಗೆ ನಡೆಸಿಕೊಂಡು ಹೋಗುತ್ತೇನೆ ಎಂದೆ. ಜಪಾನಿ ಭಾಷೆಯ ಒಂದು ವಿಭಕ್ತಿಯೂ ತಪ್ಪಲಿಲ್ಲ. ಆ ಹೆಂಗಸು ಕಣ್ಣೊರೆಸಿಕೊಂಡರು. ಹನ್ನೊಂದು ಮಂದಿಯಲ್ಲಿ ಮೊದಲು ಆಯ್ಕೆಯಾದವಳು ನಾನು.

ದೊಡ್ಡಮ್ಮ ಈಗಲೂ ಇದ್ದಾರೆ. ಇಲ್ಲಿ ಫೋನು ನನ್ನ ಕೈಯಲ್ಲೇ ಇದೆ, ಯಾವಾಗ ಬೇಕಾದರೂ ಮಾತಾಡಬಹುದು. ಅಮ್ಮನಿಗೆ ದಿನಾ ಮಾಡುತ್ತೇನೆ. ಗಂಟಿನ ವಿಷಯ ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ.

ಇಲ್ಲಿ ನನ್ನ ಪಾಲಿಗೆ ಬಂದಿರುವವರಲ್ಲಿ ಹರುಕೊ ಸಾನ್ ಎಂಬವರಿಗೆ ತೊಂಬತ್ತು ದಾಟಿದೆ. ಅವರಿಗೆ ಯಾರ ಗುರುತೂ ಇಲ್ಲ. ಹಗಲೆಲ್ಲ ಉದ್ದನೆಯ ಮೊಗಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಾರೆ, ಯಾರೂ ತಡೆಯುವುದಿಲ್ಲ, ನಾನು ಪಕ್ಕದಲ್ಲಿ ನಡೆಯುತ್ತೇನೆ. ಬೆಳಿಗ್ಗೆ ಅವರನ್ನು ಎಬ್ಬಿಸಿ, ಹೆಸರು ಹಿಡಿದು ಕರೆದು, ನೆಲದ ಮೇಲೆ ಮಂಡಿಯೂರಿ ಕೂರುತ್ತೇನೆ. ಅವರು ಬಲಗಾಲು ಚಾಚುತ್ತಾರೆ. ನಾನು ಕಾಲುಚೀಲ ತೊಡಿಸುತ್ತೇನೆ. ತೊಡಿಸಿದ ಮೇಲೆ, ಬೇಡವೆಂದುಕೊಂಡರೂ, ನನ್ನ ಎರಡು ಬೆರಳು ಅದರ ಅಂಚಿನೊಳಗೆ ಹೋಗಿ ಸಡಿಲವಿದೆಯೇ ಎಂದು ನೋಡುತ್ತವೆ.